ಮಲಗಿಕೊಂಡೇ ಎತ್ತರವಾದ ದಿನ

ಅದು ೨೦೦೪ನೇ ಇಸವಿ. ನನಗಾಗ ಇಪ್ಪತ್ತೊಂದು ವರ್ಷ. ಯಾದಗಿರಿ ಕಡೆಯಿಂದ ಬಂದ ನಾನು ಮತ್ತು ಅವ್ವ ಲಿಂಗರಾಜಪುರದ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ಹಗಲೆಲ್ಲ ಇಬ್ಬರೂ ಇಂದಿರಾನಗರದ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದೆವು. ಸಂಜೆ ನಾನು ಬೆನ್ಸನ್ ಟೌನ್‌ನಲ್ಲಿ ರಿಟೈರ್ಡ್ ಪಿ.ಟಿ. ಟೀಚರ್ ಒಬ್ಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವರನ್ನು ಮಿಸ್ ಎಂದೇ ಕರೆಯುತ್ತಿದ್ದೆ. ಬಸ್ ಕಂಡಕ್ಟರ್ ಕೆಲಸಕ್ಕೆ ನನ್ನಿಂದ ಅರ್ಜಿ ಹಾಕಿಸಿದವರೂ ಅವರೇ.

ಎತ್ತರ, ತೂಕ ನೋಡುವ ದಿನದ ಹಿಂದಿನ ಸಂಜೆ ಮಿಸ್ ನನ್ನನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದರು. ಬೇಕಾದ ಎತ್ತರಕ್ಕೆ ಅರ್ಧ ಸೆಂಟಿಮೀಟರ್ ಕಡಿಮೆ. ಮೂರು ಸಲ ಅಳೆದರೂ ಅಷ್ಟೇ. ಎಸ್ಸೆಸ್ಸೆಲ್ಸಿ ಓದಿದ್ದೂ ದಂಡ, ಸಾಯುವವರೆಗೂ ಇಟ್ಟಿಗೆಯೇ ಗತಿ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

"ಅಳೋದು ನಿಲ್ಸು ಮೊದ್ಲು," ಎಂದರು ಮಿಸ್. "ಇವತ್ತು ಏನ್ ಕೆಲಸ ಮಾಡ್ದೆ?"

"ದಿನದಂಗೇ ಮಿಸ್. ಮೂರನೇ ಮಹಡಿಗೆ ಇಟ್ಟಿಗೆ ಹೊತ್ತೆ."

"ಮತ್ತೆ ಕುಗ್ಗದೆ ಏನಾಗ್ತೀಯ? ಬೆನ್ನುಮೂಳೆ ಮಧ್ಯೆ ಮೆತ್ತೆ ಥರ ಇರುತ್ತೆ. ಹಗಲೆಲ್ಲ ಭಾರಕ್ಕೆ ಅದುಮಿ ಹೋಗುತ್ತೆ, ಮಲಗಿದಾಗ ನೀರು ಎಳ್ಕೊಂಡು ಉಬ್ಬುತ್ತೆ. ಸ್ಕೂಲಲ್ಲಿ ಮಕ್ಕಳನ್ನ ಫಸ್ಟ್ ಪೀರಿಯಡ್‌ನಲ್ಲಿ ಅಳೆದ್ರೆ ಒಂದು, ಲಾಸ್ಟ್ ಪೀರಿಯಡ್‌ನಲ್ಲಿ ಅಳೆದ್ರೆ ಇನ್ನೊಂದು. ಈಗ ಹೋಗಿ ಮಲಗು. ಅಳೆಯೋವರೆಗೂ ಏಳ್ಬೇಡ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಓಡಿಬಂದು ಅವ್ವನಿಗೆ ಹೇಳಿದೆ. "ಮನಶ್ಯಾ ಅಂದ್ರ ದ್ವಾಸಿ ಹಿಟ್ಟೇನು, ರಾತ್ರಿ ಇಟ್ರ ಮುಂಜಾನೆ ಉಬ್ಬಾಕ?" ಎಂದು ನಕ್ಕಳು. ನಕ್ಕವಳೇ ನನಗಿಂತ ಹೆಚ್ಚು ನಂಬಿದಳು. ಮಲಗಿದ್ದಲ್ಲೇ ರೊಟ್ಟಿ ತಿನ್ನಿಸಿದಳು. ಬೆಳಿಗ್ಗೆ ನಲ್ಲಿ ಸದ್ದು ಕೇಳಿ ಅಭ್ಯಾಸಬಲದಿಂದ ನಾನು ಕೊಡಕ್ಕೆ ಕೈ ಹಾಕಿದರೆ, "ಇಡ ಕೆಳಗ, ಗಿಡ್ಡಾಗ್ತಿ," ಎಂದು ಗದರಿದಳು. ಅಷ್ಟರಲ್ಲಿ ವಿಷಯ ವಠಾರಕ್ಕೆಲ್ಲ ಗೊತ್ತಾಗಿ, ನಮ್ಮ ಪಾಲಿನ ನೀರನ್ನು ಪಕ್ಕದ ಮನೆಯವರೇ ಹಿಡಿದುಕೊಟ್ಟರು.

ಎದುರು ಮನೆಯ ಬಸಣ್ಣ ದಿನಾ ಕೃಷ್ಣರಾಜಪುರದಿಂದ ಶಿವಾಜಿನಗರಕ್ಕೆ ಸೊಪ್ಪು ಸಾಗಿಸುತ್ತಿದ್ದ. ಅವನ ಗೂಡ್ಸ್ ಆಟೋದಲ್ಲಿ ಕೊತ್ತಂಬರಿ ಕಟ್ಟುಗಳ ನಡುವೆ ಚಾಪೆ ಹಾಸಿ ನನ್ನನ್ನು ಮಲಗಿಸಿದರು. ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಇಣುಕಿ ನೋಡಿ ಗಾಬರಿಯಾದರು.

"ಏನಾಗಿದೆ ರೀ ಇವಳಿಗೆ?"

"ಏನೂ ಆಗಿಲ್ರಿ ಸಾಹೇಬ್ರ, ಎತ್ತರ ಆಗಾಕತ್ತಾಳ," ಎಂದಳು ಅವ್ವ.

ಬಸಣ್ಣ ಎಲ್ಲ ಬಿಡಿಸಿ ಹೇಳಿದ. ಅವರಿಗೆ ನಗು ತಡೆಯಲಾಗಲಿಲ್ಲ. "ನನ್ನ ಸೆಲೆಕ್ಷನ್ನಲ್ಲಿ ಈ ಐಡಿಯಾ ಯಾರೂ ಹೇಳ್ಲೇ ಇಲ್ವಲ್ಲ ಗುರು," ಎನ್ನುತ್ತಾ ಮುಂದಿನ ಗಾಡಿಗಳನ್ನು ಸರಿಸಿ ನಮಗೆ ದಾರಿ ಮಾಡಿಕೊಟ್ಟರು.

ಅಳತೆ ನಡೆಯುವ ಮೈದಾನದಲ್ಲಿ ಹನುಮಂತನ ಬಾಲದಂಥ ಸಾಲು. ನನ್ನ ಜಾಗದಲ್ಲಿ ಅವ್ವ ನಿಂತಳು, ನಾನು ಹುಲ್ಲಿನ ಮೇಲೆ ಮಲಗಿದೆ. ನಾಚಿಕೆಯಿಂದ ಮುಖದ ಮೇಲೆ ದುಪಟ್ಟಾ ಎಳೆದುಕೊಂಡೆ. ಮೊದಮೊದಲು ಎಲ್ಲರೂ ಕಿಸಕ್ಕೆಂದರು. ಆಮೇಲೆ ಒಬ್ಬ ಗಿಡ್ಡ ಹುಡುಗಿ ಬಂದು ಕಾರಣ ಕೇಳಿದಳು, ಕೇಳಿ ಪಕ್ಕದಲ್ಲೇ ಒರಗಿದಳು. ಇನ್ನೊಬ್ಬಳು ಬಂದಳು. ಸ್ವಲ್ಪ ಹೊತ್ತಿಗೆ ದುಪಟ್ಟಾ ಸರಿಸಿ ನೋಡಿದರೆ ಸಾಲಾಗಿ ಏಳೆಂಟು ಜನ ಆಕಾಶ ನೋಡುತ್ತಾ ಮಲಗಿದ್ದೆವು. ಅಷ್ಟು ನಗು ನಾನು ಬೆಂಗಳೂರಿಗೆ ಬಂದಮೇಲೆ ನಕ್ಕಿರಲಿಲ್ಲ.

ನನ್ನ ಸರದಿ ಬಂತು. ಅಳೆಯುವ ಮೇಡಂ ನನ್ನ ತಲೆ ಮುಟ್ಟಿ, "ತುರುಬು ಬಿಚ್ಚಮ್ಮ," ಎಂದರು. ಇರಲಿ ಅಂತ ಅವ್ವ ನೆತ್ತಿಯ ಮೇಲೆ ದೊಡ್ಡ ತುರುಬು ಕಟ್ಟಿದ್ದಳು. ಬಿಚ್ಚಿದೆ. ಅಳತೆಯ ಪಟ್ಟಿ ಕೆಳಗಿಳಿದು ನೆತ್ತಿಗೆ ತಾಗಿತು. ಮೇಡಂ ಬಗ್ಗಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಕೂದಲೆಳೆಯಷ್ಟು ಜಾಸ್ತೀನೇ ಇದೆ. ಪಾಸ್, ಮುಂದಕ್ಕೆ ಹೋಗು," ಎಂದರು.

ಹೊರಗೆ ಬಂದು ಅವ್ವನನ್ನು ಎತ್ತಿ ಗಿರಗಿರ ತಿರುಗಿಸಿದೆ. ಈಗ ಭಾರ ಎತ್ತಿದರೆ ಯಾರಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಸಂಜೆ ಮಿಸ್ ಎಲ್ಲ ಕೇಳಿ, "ನಾನು ಮಲಗು ಅಂದೆ, ಮೆರವಣಿಗೆ ಹೋಗು ಅನ್ಲಿಲ್ಲ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನೇಮಕದ ಪತ್ರ ಕೈಗೆ ಬಂದಾಗ ನಾನು ಹಾಕಿದ ಷರತ್ತು ಒಂದೇ. ಅವ್ವ ಇನ್ನು ಇಟ್ಟಿಗೆ ಹೊರುವಂತಿಲ್ಲ. ಹನ್ನೆರಡನೇ ವಯಸ್ಸಿನಿಂದ ತಲೆಯ ಮೇಲೆ ಒಂದಲ್ಲ ಒಂದು ಭಾರ ಹೊತ್ತವಳು ಅವಳು. ಕೊನೆಯ ದಿನ ಕೆಲಸದಿಂದ ಬಂದವಳನ್ನು ಹಾಗೇ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದೆ. ಮರುದಿನ ಬಿಸಿಲೇರುವವರೆಗೂ ಮಲಗಿಸಿ, ಎಬ್ಬಿಸಿ, ಇನ್ನೊಂದು ಗೆರೆ ಎಳೆದೆ. ಅದು ಹಿಂದಿನ ಗೆರೆಗಿಂತ ಮೇಲಿತ್ತು.

ಅವ್ವ ಎರಡು ಗೆರೆಗಳ ನಡುವೆ ಬೆರಳಿಟ್ಟು ತುಂಬಾ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಾ ಇಷ್ಟ ಎತ್ತರ ಅದೀನೇನ ಹಂಗಾರ?"