ಅಕ್ಕಿಯಲ್ಲಿ ಬರೆದ ಹೆಸರು

ನರಸಿಂಹಸ್ವಾಮಿಯನ್ನು ನಂಬಿದ ಅಕ್ಕಂದಿರೇ, ಅಣ್ಣಂದಿರೇ, ನಾನು ಸಮಾಧಾನದ ಹೆಂಗಸಲ್ಲ. ದೇವರ ಮುಂದೆಯೂ ದನಿ ಏರಿಸಿ ಜಗಳ ಆಡಿದವಳು. ನನ್ನಂಥವಳನ್ನೂ ಅವನು ಕೈಬಿಡಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

2001ರ ಆಷಾಢದಲ್ಲಿ ಭದ್ರಾವತಿ ಹೊಸಮನೆಯ ನಮ್ಮ ಬಾಗಿಲಿಗೆ ದೆಹಲಿಯ ವೀಸಾ ಕಚೇರಿಯಿಂದ ಒಂದು ಲಕೋಟೆ ಬಂತು. ನಮ್ಮ ಮದುವೆ ನಿಜವಾದದ್ದೆಂದು ನಂಬಲು ಆಗುವುದಿಲ್ಲ, ಅರ್ಜಿ ತಿರಸ್ಕರಿಸಿದ್ದೇವೆ ಎಂದು ಅದರಲ್ಲಿತ್ತು. ಕೊರಳಲ್ಲಿ ತಾಳಿ ಇತ್ತು, ಕಾಲಲ್ಲಿ ಕಾಲುಂಗುರ ಇತ್ತು. ಮದುವೆ ಮಾತ್ರ ಸುಳ್ಳಂತೆ!

ನಮ್ಮವರು ಭದ್ರಾವತಿಯವರೇ. ಡಿಪ್ಲೊಮಾ ಓದಿ, ಕೆನಡಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1999ರ ಬೇಸಿಗೆಯಲ್ಲಿ ರಜೆಗೆ ಬಂದು ನನ್ನ ಕೈ ಹಿಡಿದರು. ಇಪ್ಪತ್ತೆರಡು ದಿನ ಜೊತೆಗಿದ್ದು ಹೊರಟರು. ಗಂಡ ಜವಾಬ್ದಾರಿ ಹೊತ್ತು ಅರ್ಜಿ ಹಾಕಿದರೆ ಹೆಂಡತಿಗೆ ಅಲ್ಲಿ ಕಾಯಂ ಆಗಿ ಇರಲು ಅನುಮತಿ ಸಿಗುತ್ತದೆ. "ಒಂದು ವರ್ಷ ಅಷ್ಟೇ, ಕರೆಸ್ಕೋತೀನಿ" ಎಂದಿದ್ದರು. ನಾನು ಅತ್ತೆಯವರ ಜೊತೆ ಹೊಸಮನೆಯಲ್ಲಿದ್ದು, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಟೈಪಿಂಗ್ ಪಾಠ ಹೇಳಿ ಬರುತ್ತಿದ್ದೆ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಅರ್ಜಿ ಯಾಕೆ ಬಿದ್ದುಹೋಯಿತು ಎಂದು ಹೇಳಬೇಕಾದರೆ ನನ್ನ ಹೆಸರಿನ ಕಥೆ ಹೇಳಬೇಕು. ತವರಿನವರು ಇಟ್ಟ ಹೆಸರು ನಾಗರತ್ನ. ಪಾಸ್‌ಪೋರ್ಟಿನಲ್ಲಿ, ಮದುವೆಯ ನೋಂದಣಿಯಲ್ಲಿ ಎಲ್ಲ ಕಡೆ ಅದೇ. ನಮ್ಮ ಅತ್ತೆಯವರ ಹೆಸರೂ ನಾಗರತ್ನ. "ಒಂದೇ ಮನೇಲಿ ಇಬ್ರು ನಾಗರತ್ನ ಹ್ಯಾಗಾಗತ್ತೆ ಮಾರಾಯ್ತಿ? ಯಾರನ್ನ ಕರೆದ್ರೆ ಯಾರು ಓಗೊಡ್ಬೇಕು?" ಎಂದು ಅತ್ತೆ ಮದುವೆಯ ದಿನವೇ, ಮನೆ ತುಂಬಿಸಿಕೊಳ್ಳುವಾಗ ನನ್ನ ಹೆಸರು ಬದಲಾಯಿಸಿದರು. ನಮ್ಮಲ್ಲಿ ಅದು ಶಾಸ್ತ್ರವೂ ಹೌದು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದ ತುದಿಯಿಂದ ಹೊಸ ಹೆಸರು ಬರೆಯಬೇಕು. ಅಂದಿನಿಂದ ಆ ಮನೆಯಲ್ಲಿ ನಾನು ವೈದೇಹಿ.

ನಮ್ಮವರು ಎರಡು ವರ್ಷ ಬರೆದ ಕಾಗದಗಳೆಲ್ಲ ವೈದೇಹಿಗೆ. ಗಂಡ ಹೆಂಡತಿಯ ಒಡನಾಟಕ್ಕೆ ಸಾಕ್ಷಿ ಬೇಕು ಎಂದಾಗ ಆ ಕಾಗದಗಳ ಕಟ್ಟನ್ನೇ ಹೆಮ್ಮೆಯಿಂದ ದೆಹಲಿಗೆ ಹೊತ್ತುಕೊಂಡು ಹೋಗಿದ್ದೆ. ಸಂದರ್ಶನದ ದಿನ ಅಧಿಕಾರಿ ಕೇಳಿದರು, ಪಕ್ಕದಲ್ಲಿದ್ದ ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದರು.

"ಈ ವೈದೇಹಿ ಯಾರು?"

"ನಾನೇ ಸಾರ್."

"ಹಾಗಾದರೆ ನಾಗರತ್ನ?"

"ಅದೂ ನಾನೇ."

"ನಿಮ್ಮ ಗಂಡನ ತಾಯಿಯ ಹೆಸರು?"

"ನಾಗರತ್ನ."

ಅವರು ಪೆನ್ನು ಕೆಳಗಿಟ್ಟರು. ಹೆಸರು ಬದಲಾದದ್ದು ಎಲ್ಲಿ ಬರೆದಿದೆ ಎಂದು ಕೇಳಿದರು. ಅಕ್ಕಿಯಲ್ಲಿ ಎಂದೆ. ಆ ಅಕ್ಕಿ ಎಲ್ಲಿ ಎಂದರು. "ಪಾಯಸ ಮಾಡಿ ಉಂಡ್ವಿ ಸಾರ್" ಎಂದೆ. ದುಭಾಷಿ ಅದನ್ನು ಹೇಳುವ ಮೊದಲು ನನ್ನ ಮುಖವನ್ನು ಒಂದು ಸಲ ನೋಡಿದರು. ಅಧಿಕಾರಿಯ ತಪ್ಪೇನೂ ಇಲ್ಲ. ತಾಯಿಯ ಹೆಸರಿನ ಒಬ್ಬಳನ್ನು ಕಾಗದದ ಮೇಲೆ ಹೆಂಡತಿ ಮಾಡಿ, ಪ್ರೀತಿಯ ಕಾಗದಗಳನ್ನು ಮಾತ್ರ ಇನ್ನೊಬ್ಬಳಿಗೆ ಬರೆಯುವ ಗಂಡಸು ಎಂದು ಯಾರಿಗಾದರೂ ಅನ್ನಿಸುತ್ತಿತ್ತು.

ನಮ್ಮವರು ಮೇಲ್ಮನವಿ ಹಾಕಿದರು. ಎರಡು ಹೆಸರೂ ಒಬ್ಬಳದೇ ಎಂದು ಪ್ರಮಾಣಪತ್ರ ಕಳಿಸಿದೆವು. ಅದು ಈಗ ಮಾಡಿಸಿದ್ದು, ಮದುವೆಯ ಕಾಲದ್ದು ಏನಾದರೂ ಇದ್ದರೆ ಕೊಡಿ ಎಂದು ಉತ್ತರ ಬಂತು. ಏನೂ ಇರಲಿಲ್ಲ.

ಊರಿನ ಬಾಯಿ ಕೇಳಬೇಕೆ? ಬಸ್ಸಿನ ಕಂಡಕ್ಟರ್ ಮೊದಮೊದಲು, "ಏನ್ ಟೀಚರ್, ಕೆನಡಾಕ್ಕೆ ಒಂದು ಟಿಕೆಟ್ ಹರೀಲಾ?" ಎಂದು ನಗುತ್ತಿದ್ದವನು ಆಮೇಲೆ ತಮಾಷೆ ನಿಲ್ಲಿಸಿದ. ಅವನು ತಮಾಷೆ ಮಾಡುವುದಕ್ಕಿಂತ ಮಾಡದೇ ಇರುವುದು ಹೆಚ್ಚು ನೋಯುತ್ತಿತ್ತು. ಗಂಡ ಬಿಟ್ಟಿದ್ದಾನೆ ಎಂದು ಬೀದಿಯಲ್ಲಿ ಗುಸುಗುಸು ಆಗುತ್ತಿತ್ತು. ಹಬ್ಬಕ್ಕೆ ತವರಿಗೆ ಹೋಗುವುದನ್ನೂ ನಿಲ್ಲಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಗೆ ಅವರ ಫೋನು ಬರುತ್ತಿತ್ತು. ದೀಪಾವಳಿಯ ಹಿಂದಿನ ಭಾನುವಾರ ಅವರ ದನಿ ಸರಿಯಿರಲಿಲ್ಲ. "ನೋಡು, ನಿನ್ನ ಜೀವನ ನಾನು ಹಾಳು ಮಾಡ್ತಿದೀನಿ. ನಿಂಗೆ ಬೇಕಾದ್ರೆ ಬಿಡುಗಡೆ ಪತ್ರ ಬರೆದು ಕೊಡ್ತೀನಿ" ಎಂದರು. "ಇನ್ನೊಂದ್ಸಲ ಹಂಗಂದ್ರೆ ಫೋನೇ ತಗೊಳಲ್ಲ ನಾನು!" ಎಂದು ರಿಸೀವರ್ ಕುಕ್ಕಿದೆ. ಪಕ್ಕದ ಮನೆಯವರ ಫೋನು, ಪಾಪ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಮದುವೆಯಾದವಳೂ ಅಲ್ಲ, ಆಗದವಳೂ ಅಲ್ಲ ಎಂಬಂತಾಗಿತ್ತು ನನ್ನ ಬಾಳು.

ಆಗಲೇ ಹಳೇನಗರದ ನರಸಿಂಹಸ್ವಾಮಿಗೆ ನಲವತ್ತೆಂಟು ದಿನ ಪ್ರದಕ್ಷಿಣೆ ಮಾಡುತ್ತೇನೆಂದು ಸಂಕಲ್ಪ ಮಾಡಿದೆ. ಬೆಳಿಗ್ಗೆ ಬಸ್ಸಿಗೆ ಮೊದಲು ನೂರೆಂಟು ಸುತ್ತು. "ನನ್ನನ್ನ ಅವರ ಹತ್ರ ಕಳಿಸು" ಎಂಬುದೊಂದೇ ಬೇಡಿಕೆ. ಅತ್ತೆಯವರೂ ಬರುತ್ತಿದ್ದರು. ಅವರಿಗೆ ಉಬ್ಬಸ. ನಾಲ್ಕು ಸುತ್ತಿಗೆ ಏದುಸಿರು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ಈ ಹೆಸರಿನ ಹುಚ್ಚು ಇವರಿಗೆ ಇರದಿದ್ದರೆ ನಾನಿಷ್ಟು ಹೊತ್ತಿಗೆ ಗಂಡನ ಜೊತೆ ಕೆನಡಾದಲ್ಲಿರುತ್ತಿದ್ದೆ ಎಂದುಕೊಳ್ಳುತ್ತಿದ್ದೆ. ಎಷ್ಟೋ ದಿನ ಅವರೊಡನೆ ಮಾತೇ ಆಡುತ್ತಿರಲಿಲ್ಲ.

ನಲವತ್ತೊಂದನೆಯ ದಿನ ದೇವಸ್ಥಾನದಲ್ಲಿ ಯಾರದೋ ಮಗುವಿನ ಅನ್ನಪ್ರಾಶನ. ಕ್ಯಾಮೆರಾ ಹಿಡಿದ ಫೋಟೊಗ್ರಾಫರ್ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯವರನ್ನು ನೋಡಿ ನಿಂತ. ನಮ್ಮ ಮದುವೆಗೂ ಅವನೇ ಬಂದಿದ್ದ.

"ಏನಮ್ಮಾ, ಗುರ್ತು ಸಿಗ್ಲಿಲ್ವಾ? ಎಷ್ಟು ಬೈದಿದ್ರಿ ನನಗೆ! ಎಲ್ಲಿ ನಿಮ್ಮ 'ವೈದಹಿ' ಸೊಸೆ?"

ನಾನು ಸುತ್ತುವುದನ್ನು ಬಿಟ್ಟು ಹತ್ತಿರ ಬಂದೆ. ಆ ದಿನ ತಲೆ ತಗ್ಗಿಸಿ ಕೂತಿದ್ದ ನನಗೆ ಗೊತ್ತಿರದಿದ್ದ ಸಂಗತಿ ಆಗ ಹೊರಬಿತ್ತು. ನಮ್ಮವರು ಗಾಬರಿಯಲ್ಲಿ ಅಕ್ಕಿಯ ಮೇಲೆ 'ದೇ' ಬರೆಯುವಲ್ಲಿ ಬರೀ 'ದ' ಬರೆದಿದ್ದರಂತೆ. ವೈದೇಹಿ ಹೋಗಿ ವೈದಹಿ. ಹುಡುಗರು ಹಿಂದಿಯ 'ದಹಿ' ಹಿಡಿದು ಮೊಸರು ಮೊಸರು ಎಂದು ನಕ್ಕರೆ, ಅತ್ತೆಗೆ ಕಂಡದ್ದು ಬೆಂಕಿ. "ಶುಭಕಾರ್ಯದಲ್ಲಿ ದಹಿಸು ಅಂತ ಬರೆದ್ಯಲ್ಲೋ! ಫೋಟೊ ತೆಗೀಬೇಡಪ್ಪ ಇದನ್ನ" ಎಂದು ಕೂಗಿ, ಅಕ್ಕಿ ಕಲಸಿ, ಮತ್ತೆ ಬರೆಸಿದ್ದರು. ಆ ರಂಪದಲ್ಲಿ ಎರಡನೆಯ ಸಲ ಬರೆದದ್ದರ ಫೋಟೊ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಅತ್ತೆ ನಿಟ್ಟುಸಿರು ಬಿಟ್ಟರು. "ಅವತ್ತು ಬೇಡ ಅಂದೆ ನೋಡಪ್ಪ. ಇವತ್ತು ಅದೊಂದು ಇದ್ದಿದ್ರೆ..."

ಅವನು ಕಿವಿ ಕೆರೆದುಕೊಂಡ. "ನೀವು ಕೂಗೋ ಹೊತ್ತಿಗೆ ಹೊಡೆದಾಗಿತ್ತು ಅಮ್ಮಾ. ಪ್ರಿಂಟ್ ಹಾಕ್ಲಿಲ್ಲ ಅಷ್ಟೇ. ನೆಗೆಟಿವ್ ಎಲ್ಲಿಗೆ ಹೋಗತ್ತೆ?"

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಅಂದೇ ಅವನ ಜೊತೆ ಶಿವಮೊಗ್ಗದ ಆಲ್ಕೊಳದಲ್ಲಿದ್ದ ಅವನ ಮನೆಗೆ ಹೋದೆವು. ಬಿಸ್ಕತ್ತಿನ ಡಬ್ಬಿಗಳಲ್ಲಿ ಹುಡುಕಿ ಹುಡುಕಿ ಮಧ್ಯಾಹ್ನಕ್ಕೆ ಸಿಕ್ಕಿತು. ಪ್ರಿಂಟು ಬಂದಾಗ ನೋಡಿದರೆ ಅಕ್ಕಿಯ ತಟ್ಟೆ, ಅದರಲ್ಲಿ ವೈದಹಿ ಎಂಬ ಸೊಟ್ಟ ಅಕ್ಷರ, ನಮ್ಮವರ ಕೈ, ಪಕ್ಕದಲ್ಲಿ ನಾನು, ಹಿಂದೆ ಬಾಯಿ ತೆರೆದು ಕೂಗುತ್ತಿರುವ ಅತ್ತೆ. ಮೂಲೆಯಲ್ಲಿ ಕ್ಯಾಮೆರಾ ತಾನೇ ಒತ್ತಿದ ಮದುವೆಯ ತಾರೀಖು. ಸುಳ್ಳು ಮದುವೆ ಮಾಡುವವರು ಹೆಸರನ್ನಾದರೂ ಸರಿಯಾಗಿ ಬರೆಯುತ್ತಿದ್ದರು! ಉಳಿದ ಏಳು ದಿನ ಮುಗಿಸಿ, ಫೋಟೊ ಮತ್ತು ನೆಗೆಟಿವ್ ಎರಡನ್ನೂ ಕಳಿಸಿದೆವು.

ಆಮೇಲೂ ಕಾಯುವುದು ತಪ್ಪಲಿಲ್ಲ. ತಿಂಗಳುಗಳು ಉರುಳಿದವು. 2002ರ ಮಳೆಗಾಲದಲ್ಲಿ ಅತ್ತೆಯವರ ಉಬ್ಬಸ ಹೆಚ್ಚಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆ. ಹನ್ನೊಂದು ದಿನ ಅಲ್ಲೇ ಇದ್ದೆ. ಟೈಪಿಂಗ್ ಶಾಲೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಶಾಲೆಗೆ. ಹತ್ತನೆಯ ದಿನ ಗಂಜಿ ಕುಡಿಸುತ್ತಿದ್ದಾಗ ಅತ್ತೆ ನನ್ನ ಕೈ ಹಿಡಿದು, "ನಾಗರತ್ನಾ" ಎಂದರು. ಆ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. "ಇನ್ನು ಮನೇಲಿ ಒಬ್ಳೇ ನಾಗರತ್ನ ಕಣೆ. ನಿನ್ನ ಹೆಸರು ನೀನಿಟ್ಕೋ" ಎಂದರು. "ಸುಮ್ನೆ ಗಂಜಿ ಕುಡೀರಿ" ಎಂದು ಗದರಿದೆ. ಮಾರನೆಯ ದಿನ ಹೋಗಿಬಿಟ್ಟರು.

ನಮ್ಮವರು ಬರುವಷ್ಟರಲ್ಲಿ ಮೂರು ದಿನವಾಗಿತ್ತು. ಮೂರು ವರ್ಷದ ಮೇಲೆ ಗಂಡನ ಮುಖ ನೋಡಿದೆ, ನೋಡಿದ್ದು ಸೂತಕದ ಮನೆಯಲ್ಲಿ. ಹದಿಮೂರನೆಯ ದಿನದ ಕಾರ್ಯ ಮುಗಿದು ಒಂದು ವಾರಕ್ಕೆ ದೆಹಲಿಯ ಲಕೋಟೆ ಬಂತು. ಮೇಲ್ಮನವಿ ಒಪ್ಪಿದ್ದರು, ಅನುಮತಿ ಸಿಕ್ಕಿತ್ತು. ಇಬ್ಬರೂ ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗಲು ಇಬ್ಬರಿಗೂ ಆಗಲಿಲ್ಲ.

ಸ್ವಾಮಿಯ ಪಾದಕ್ಕೆ ಅದನ್ನು ಇಡಲು ಹೋದೆವು. ಅರ್ಚಕರು ಹೇಳಿದರು: "ನಿಮ್ಮತ್ತೆ ಶನಿವಾರ ಶನಿವಾರ ಬಂದು ಸೊಸೆ ಹೆಸರಲ್ಲಿ ಅರ್ಚನೆ ಮಾಡಿಸ್ತಿದ್ರಮ್ಮ. ನಾಗರತ್ನ, ವೈದೇಹಿ, ಎರಡೂ ಹೇಳಿ ಅಂತಿದ್ರು. ಒಂದು ಸಾಕಲ್ಲ ಅಂದ್ರೆ, 'ಆಫೀಸಿನವ್ರಿಗೆ ಗೊಂದಲ ಆಗಿದ್ದೇ ಸಾಕು, ದೇವ್ರಿಗೂ ಆಗ್ಬಾರ್ದು' ಅನ್ನೋರು."

"ತಮ್ಮ ಹೆಸರಲ್ಲಿ?" ಎಂದು ಕೇಳಿದೆ.

"ಒಂದು ದಿನವೂ ಇಲ್ಲ."

ಆ ಹೊತ್ತಿಗೆ ನಾನು ಶಿವಮೊಗ್ಗದ ಬಸ್ಸಿನಲ್ಲಿರುತ್ತಿದ್ದೆ. ನನಗೆ ಗೊತ್ತೇ ಇರಲಿಲ್ಲ. ನಲವತ್ತೆಂಟು ದಿನ ಸುತ್ತಿದೆನಲ್ಲ, ಒಂದು ಸುತ್ತಿನಲ್ಲಾದರೂ ಅವರ ಉಸಿರಿಗಾಗಿ ಬೇಡಲಿಲ್ಲ. ಸ್ವಾಮಿ ನಾನು ಕೇಳಿದ್ದನ್ನು ಕೊಟ್ಟ. ಕೇಳದೇ ಬಿಟ್ಟದ್ದು ನನ್ನ ತಪ್ಪು, ಅವನದಲ್ಲ. ಹೆಸರು ಒಂದೇ, ಗೋತ್ರವೂ ಒಂದೇ ಆಗಿತ್ತಲ್ಲ, ನಾಗರತ್ನಳ ಹೆಸರಿಗೆ ಹಾಕಿದ ಆ ಹೂಗಳಲ್ಲಿ ಒಂದೆರಡಾದರೂ ಅವರಿಗೆ ಸೇರಿರಲಿ ಎಂದು ಈಗಲೂ ಬೇಡುತ್ತೇನೆ.

ಅವನಿದ್ದಾನೆ ಎಂಬುದರಲ್ಲಿ ನನಗೆ ಈಗ ಎಳ್ಳಷ್ಟೂ ಸಂಶಯವಿಲ್ಲ. ಗಂಡನ ಜೊತೆ ಸಂಸಾರ ಮಾಡುತ್ತಿದ್ದೇನೆ, ಅದು ಅವನ ಕೃಪೆ. ಬಲ್ಲವರಾದ ನಿಮಗೆ ನಾನು ಹೇಳಿಕೊಡುವಂಥದ್ದೇನೂ ಇಲ್ಲ. ಒಂದನ್ನು ಮಾತ್ರ ಕೈಮುಗಿದು ಕೇಳುತ್ತೇನೆ. ಸಂಕಲ್ಪ ಮಾಡುವಾಗ ನಿಮ್ಮ ಹೆಸರು ಹೇಳಿದ ಮೇಲೆ ಒಂದು ಕ್ಷಣ ನಿಲ್ಲಿ, ತಿರುಗಿ ನೋಡಿ, ನಿಮ್ಮ ಜೊತೆ ಬಂದು ಮೆಟ್ಟಿಲ ಮೇಲೆ ಕೂತವರ ಹೆಸರನ್ನೂ ಹೇಳಿ.