ಮಣ್ಣು ಮೆತ್ತಗಿದ್ದ ಕಡೆ ನೆಟ್ಟ ಕಲ್ಲು

ಅವನಿಗೆ ಹಾರೆ ಮೇಸ್ತ್ರಿ ಅಂತಲೇ ಹೆಸರು ಬಿದ್ದಿತ್ತು. ರಸ್ತೆ ಇಲಾಖೆಯಲ್ಲಿ ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು, ಕಲ್ಲು ನೆಡುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಹಾರೆ ಹಿಡಿದು ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ, ಒಲೆಯಿಂದ ಇಳಿಸಿದ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತುತ್ತಿದ್ದ. ಮೊಣಕಾಲು ಮಾತ್ರ ಮುಷ್ಕರ ಹೂಡಿ ಮೂರು ವರ್ಷವಾಗಿತ್ತು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ಕೂರಲು ಮನಸ್ಸು ಬಾರದು.

ಮನೆ ಅಂದರೆ ಇಲಾಖೆಯವರು ಕೊಟ್ಟ ವಸತಿ ಸಾಲಿನ ಕೊನೆಯ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಬಾಗಿಲ ಮುಂದೆಯೇ ರಸ್ತೆ ಶುರುವಾಗುತ್ತಿತ್ತು. ಸೊನ್ನೆ ಅಂತ ಬರೆದ ಕಲ್ಲಿನ ಮೇಲೆ ಕೂತು ಅವನ ಮಗಳು ದಿನಾ ಬೆಳಗ್ಗೆ ಚಪ್ಪಲಿ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ, ಬೆನ್ನಿನ ಚೀಲ ಅವಳಿಗಿಂತ ಅಗಲ. ಏಳೂವರೆಗೆ ಹೊರಟರೆ ಒಂಬತ್ತರ ಗಂಟೆಗೆ ಶಾಲೆ ಮುಟ್ಟಬೇಕು. ಸಂಜೆ ಅದೇ ದಾರಿ ವಾಪಸ್ಸು.

ಮೊದಲು ಹೀಗಿರಲಿಲ್ಲ. ವಸತಿಯ ಪಕ್ಕದಲ್ಲೇ ಎರಡು ಕೋಣೆಯ ಶಾಲೆ ಇತ್ತು. ಮಕ್ಕಳು ಕಡಿಮೆ ಅಂತ ಎರಡು ವರ್ಷದ ಹಿಂದೆ ಅದಕ್ಕೆ ಬೀಗ ಹಾಕಿದರು. ಆಗ ಒಂಬತ್ತು ಮಕ್ಕಳು ದೂರದ ಶಾಲೆಗೆ ನಡೆಯಲು ಶುರು ಮಾಡಿದರು. ಈಗ ಉಳಿದವರು ಐದು. ಬಿಟ್ಟ ನಾಲ್ವರ ಬಗ್ಗೆ ಯಾರೂ ಜಗಳ ಮಾಡಲಿಲ್ಲ, ಯಾರೂ ಕಾಗದ ಬರೆಯಲಿಲ್ಲ. ಒಂದು ದಿನ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ, ಅಷ್ಟೇ.

ಊರಿನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ನಾವು ನಡೀಲಿಲ್ವಾ? ನಡೆದ್ರೆ ಕಾಲು ಗಟ್ಟಿ ಆಗುತ್ತೆ" ಅಂತ ಟೀ ಅಂಗಡಿಯವನು ಹೇಳುತ್ತಿದ್ದ. ಆ ಮಹಾನುಭಾವ ಪಕ್ಕದ ಬೀದಿಗೂ ಸ್ಕೂಟರಿನಲ್ಲೇ ಹೋಗುವವನು. ನಿಜ ಹೇಳಬೇಕೆಂದರೆ ಮೇಸ್ತ್ರಿಯೂ ಮೊದಮೊದಲು ಹಾಗೇ ಅಂದಿದ್ದ. ನಾವು ನಡೀಲಿಲ್ವಾ ಅಂತ. ನಡೆದಿದ್ದ, ಸುಳ್ಳಲ್ಲ. ನಾಲ್ಕನೇ ಕ್ಲಾಸಿನವರೆಗೆ ನಡೆದು, ಒಂದು ದಿನ ಅರ್ಧ ದಾರಿಯಲ್ಲಿ ಮರದ ಕೆಳಗೆ ಮಲಗಿದವನು ಆಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ನಡೆದವರ ಲೆಕ್ಕ ಎಲ್ಲರಿಗೂ ಗೊತ್ತು. ತಲುಪಿದವರೆಷ್ಟು ಅಂತ ಒಬ್ಬನೂ ಕೇಳುವುದಿಲ್ಲ.

ಅರ್ಧ ವರ್ಷದ ಪರೀಕ್ಷೆ ಮುಗಿದ ವಾರ ಮಗಳು ಒಂದು ಚೀಟಿ ತಂದಳು. ಟೀಚರು ಬರೆದದ್ದು. ಹುಡುಗಿ ಜಾಣೆ, ಆದರೆ ಗಣಿತದ ಪರೀಕ್ಷೆಯಲ್ಲಿ ಅರ್ಧ ಬರೆದು ಕಾಗದದ ಮೇಲೇ ನಿದ್ದೆ ಹೋದಳು, ಮನೆಯಲ್ಲಿ ಬೇಗ ಮಲಗಿಸಿ.

ಹೆಂಡತಿ ಚೀಟಿಯನ್ನು ಎರಡು ಸಲ ಓದಿಸಿಕೊಂಡಳು.

"ಬೇಗ ಮಲಗಿಸಬೇಕಂತೆ. ಮನೆಗೆ ಬರೋದೇ ಆರು ಗಂಟೆಗೆ. ತಟ್ಟೆ ಮುಂದೆ ಕೂತು ತೂಕಡಿಸ್ತಾಳೆ. ಇನ್ನೆಷ್ಟು ಬೇಗ ಮಲಗಿಸೋದು?"

"ನಾಳೆ ಶಾಲೆಗೆ ಹೋಗಿ ಮಾತಾಡ್ತೀನಿ."

"ಮಾತಾಡಿ ಏನ್ ಮಾಡ್ತೀರಿ, ಶಾಲೆನಾ ತಲೆ ಮೇಲೆ ಹೊತ್ಕೊಂಡು ಬರ್ತೀರಾ? ಕೇಳ್ರೀ ಇಲ್ಲಿ. ಈ ವರ್ಷದ ಪರೀಕ್ಷೆ ಮುಗೀಲಿ, ಸಾಕು. ನಮ್ಮಕ್ಕನ ಜೊತೆ ಹೊಲಿಗೆ ಕಲೀಲಿ. ಕಾಲಾದ್ರೂ ಉಳಿಯುತ್ತೆ."

ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವತ್ತು ಬರಲಿಲ್ಲ. ಮೂಲೆಯಲ್ಲಿ ಚೀಲಕ್ಕೆ ತಲೆ ಕೊಟ್ಟು ಮಲಗಿದ್ದ ಮಗಳನ್ನು ನೋಡಿದ. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

ಶಾಲೆ ಐದು ಕಿಲೋಮೀಟರಿಗಿಂತ ದೂರವಿದ್ದರೆ ಮಕ್ಕಳಿಗೆ ಸರ್ಕಾರದ ವ್ಯಾನು ಉಂಟು ಅಂತ ಟೀಚರೇ ಹೇಳಿದರು. ಮೇಸ್ತ್ರಿ ಅರ್ಜಿ ಬರೆಸಿಕೊಂಡು ಶಿಕ್ಷಣ ಕಚೇರಿಗೆ ಹೋದ. ಗುಮಾಸ್ತ ಅರ್ಜಿ ಓದಿ, ಕಪಾಟಿನಿಂದ ಉದ್ದನೆಯ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆ ತಿರುವಿದ.

"ನಾಲ್ಕು ಪಾಯಿಂಟ್ ಎಂಟು. ಐದಿಲ್ಲ."

"ಟೀಚರ ಬೈಕಿನ ಮೀಟರು ಐದು ದಾಟಿ ತೋರಿಸುತ್ತಂತೆ ಸ್ವಾಮಿ."

"ಬೈಕು ಅಡ್ಡಾದಿಡ್ಡಿ ಹೋಗಿರುತ್ತೆ. ನಾನು ಬೈಕಿನ ಮಾತು ಕೇಳಕ್ಕಾಗಲ್ಲ, ಕಲ್ಲಿನ ಮಾತು ಕೇಳ್ಬೇಕು. ಶಾಲೆ ಗೇಟಿನ ಎದುರಿಗಿರೋ ಕಲ್ಲಿನ ಮೇಲೆ ಏನ್ ಬರ್ದಿದೆ, ನಾಲ್ಕು, ಎಂಟು. ಆ ಕಲ್ಲು ನೆಟ್ಟವರು ನಿಮ್ಮ ಇಲಾಖೆಯವರೇ ಅಲ್ವಾ ಮೇಸ್ತ್ರಿ? ಸುಳ್ಳು ಹೇಳುತ್ತಾ ನಿಮ್ಮ ಕಲ್ಲು?"

ಮೇಸ್ತ್ರಿ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಮೊದಲ ಸಲ ಆ ಮೆಟ್ಟಿಲು ಅವನಿಗೆ ಅಷ್ಟು ಉದ್ದ ಕಂಡಿತು. ಯಾಕೆಂದರೆ ಆ ಕಲ್ಲು ಸುಳ್ಳು ಹೇಳುತ್ತಿತ್ತು, ಮತ್ತು ಅದಕ್ಕೆ ಸುಳ್ಳು ಕಲಿಸಿದವನು ಅವನೇ.

ಹನ್ನೊಂದು ವರ್ಷದ ಹಿಂದಿನ ಮಾತು. ಇನ್ನೂರು ಮೀಟರಿಗೊಂದು ಕಲ್ಲು ನೆಡಬೇಕು, ದಿನಕ್ಕೆ ಎಂಟು ಕಲ್ಲು ಮುಗಿಯಬೇಕು ಅಂತ ಅಪ್ಪಣೆ. ಟ್ರ್ಯಾಕ್ಟರಿನಲ್ಲಿ ಕಲ್ಲು, ಕೈಯಲ್ಲಿ ಮೂವತ್ತು ಮೀಟರಿನ ಟೇಪು. ವಸತಿಯ ಹತ್ತಿರದ ಎಂಟು ಕಲ್ಲು ಬೆಣ್ಣೆಗೆ ಚಾಕು ಹಾಕಿದಷ್ಟು ಸಲೀಸಾಗಿ ಇಳಿದವು. ಒಂಬತ್ತನೆಯದಕ್ಕೆ ಗುಂಡಿ ತೋಡಿದರೆ ಮೊಳದ ಆಳಕ್ಕೇ ಬಂಡೆ. ಹಾರೆ ಹೊಡೆದರೆ ಭುಜದವರೆಗೂ ಝುಮ್ಮೆನ್ನುತ್ತಿತ್ತು. ಆ ಕೆಲಸದವರಲ್ಲಿ ಒಂದು ರೂಢಿ ಇತ್ತು. ಬಂಡೆ ಸಿಕ್ಕರೆ ಹಾರೆಯಿಂದ ನೆಲ ತಟ್ಟಿಕೊಂಡು ಹೋಗುವುದು, ಎಲ್ಲಿ ಸದ್ದು ಮೆತ್ತಗೆ ಬರುತ್ತದೋ ಅಲ್ಲಿ ನೆಡುವುದು. ಅದೂ ಯಾವಾಗಲೂ ಮುಂದಕ್ಕೆ. ಹಿಂದಕ್ಕೆ ಹೋದರೆ ಟ್ರ್ಯಾಕ್ಟರ್ ತಿರುಗಿಸಬೇಕು, ಡ್ರೈವರು ಮುಖ ಗಂಟು ಹಾಕುತ್ತಾನೆ. ಮುಂದಿನ ಕಲ್ಲಿಗೆ ಅಳತೆ ಎಲ್ಲಿಂದ? ನೆಟ್ಟ ಕಲ್ಲಿನಿಂದ. ಹೀಗೆ ಒಂದು ಕಡೆ ಮೂವತ್ತು ಹೆಜ್ಜೆ, ಇನ್ನೊಂದು ಕಡೆ ಅರವತ್ತು. ಒಂಬತ್ತನೆಯದರಿಂದ ಮುಂದೆ ಎಂಟು ಕಲ್ಲು ಜಾರಿದವು. ಉಳಿದವು ಅವುಗಳ ಬೆನ್ನು ಹಿಡಿದು ಹೋದವು. ಯಾರ ಗಂಟು ಹೋಗುತ್ತೆ ಅಂದುಕೊಂಡಿದ್ದರು. ಮಗಳು ಆಗ ಅಂಬೆಗಾಲಿಡುತ್ತಿದ್ದಳು.

ಅವತ್ತು ಟೇಪಿನ ಇನ್ನೊಂದು ತುದಿ ಹಿಡಿದವನು ಹೆಂಡತಿಯ ತಮ್ಮ. ಡಾಂಬರು ಕಾಯಿಸುವವನು, ಹಾಗಾಗಿ ಅವನಿಗೆ ಡಾಂಬರು ಅಂತಲೇ ಹೆಸರು. ಮೇಸ್ತ್ರಿ ವಿಷಯ ಹೇಳಿದಾಗ ಅವನು ಡ್ರಮ್ಮಿನ ಕೆಳಗಿನ ಬೆಂಕಿ ಕೆದಕುತ್ತಿದ್ದ.

"ಭಾವ, ನಿಂಗೆ ಬುದ್ಧಿ ನೆಟ್ಟಗಿದೆಯಾ? ಮುಂದಿನ ತಿಂಗಳು ನಿನ್ನ ದೊಡ್ಡ ಮೇಸ್ತ್ರಿ ಮಾಡ್ತಾರೆ. ಹಾರೆ ಕೆಳಗಿಟ್ಟು, ಕೈ ತೋರಿಸ್ಕೊಂಡು ಓಡಾಡೋ ಕೆಲಸ. ಈಗ ಹೋಗಿ ಹನ್ನೊಂದು ವರ್ಷದ ಹೆಣ ಕೀಳ್ತೀಯಾ?"

"ಮಗು ಪರೀಕ್ಷೇಲಿ ನಿದ್ದೆ ಮಾಡ್ತು ಕಣೋ."

"ನಾನು ಎಲ್ಲಾ ಪರೀಕ್ಷೇಲೂ ಮಾಡ್ದೆ. ನನಗೇನಾಗಿದೆ?"

ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹುಬ್ಬಿನವರೆಗೂ ಡಾಂಬರು. ಭಾವಮೈದುನ ತಾನೇ ನಕ್ಕುಬಿಟ್ಟ. "ಸರಿ, ಆ ಮಾತು ಬಿಡು," ಅಂದ. "ಆದ್ರೆ ನನ್ನ ಹೆಸರು ಎತ್ತಬೇಡ."

ಮುಂದಿನ ರಜೆಯ ದಿನ ಮೇಸ್ತ್ರಿ ಟೇಪು, ಸೀಮೆಸುಣ್ಣ, ಊರುಗೋಲಿಗೆಂದು ಹಾರೆ ತೆಗೆದುಕೊಂಡು ಮಗಳನ್ನು ಎಬ್ಬಿಸಿದ. ರಜೆಯ ದಿನವೂ ಅದೇ ರಸ್ತೆಯಾ ಅಂತ ಅವಳು ಮುಖ ಸಣ್ಣ ಮಾಡಿದಳು. ಆದರೂ ಬಂದಳು. ಸೊನ್ನೆ ಕಲ್ಲಿನಿಂದ ಟೇಪು ಬಿಚ್ಚಿದರು. ಅವಳು ಮುಂದಿನ ತುದಿ ಹಿಡಿದು ಹೋಗುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಲೆಕ್ಕ ಕೂಗುವುದು. ಅವನು ಹಿಂದೆ ಕುಕ್ಕರಗಾಲಲ್ಲಿ ಕೂತು ಟೇಪಿನ ಬಾಯನ್ನು ಗೆರೆಗೆ ಒತ್ತುವುದು, ಮತ್ತೆ ಹಾರೆ ಊರಿ ಏಳುವುದು. ಎಂಟು ಕಲ್ಲಿನವರೆಗೂ ಲೆಕ್ಕ ಕರಾರುವಾಕ್ಕಾಗಿತ್ತು. ಒಂಬತ್ತನೆಯದರಲ್ಲಿ ಅವಳು ನಿಂತಳು.

"ಅಪ್ಪ, ಇನ್ನೂರು ಇಲ್ಲೇ ಮುಗೀತು. ಕಲ್ಲು ಅಲ್ಲಿದೆ."

"ಗೆರೆ ಎಳಿ. ಮುಂದಕ್ಕೆ ನಡಿ."

"ತಪ್ಪು ಜಾಗದಲ್ಲಿದೆಯಲ್ಲ. ಯಾರು ನೆಟ್ಟಿದ್ದು?"

ಬಿಸಿಲು ಏರುತ್ತಿತ್ತು. ಮೇಸ್ತ್ರಿ ಆ ಕಲ್ಲಿನ ಮೇಲೆ ಕೂತ. "ನಾನೇ," ಅಂದ. ಬಂಡೆ ಸಿಕ್ಕಿದ್ದು, ಕೈ ಸೋತದ್ದು, ಮೆತ್ತಗಿದ್ದ ಕಡೆ ನೆಟ್ಟದ್ದು, ಎಲ್ಲ ಹೇಳಿದ. ಅವಳು ಸೀಮೆಸುಣ್ಣ ಹಿಡಿದುಕೊಂಡೇ ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದ, ಅತ್ತರೂ ಅಳಬಹುದು ಅಂದುಕೊಂಡಿದ್ದ.

"ನಾನು ಶಾಲೆಗೆ ಹೋಗ್ತಾ ಕಲ್ಲು ಎಣಿಸ್ತೀನಿ ಅಪ್ಪ," ಅಂದಳು ಕೊನೆಗೆ. "ಈ ಕಡೆ ಬಂದ್ಮೇಲೆ ಕಲ್ಲು ಬೇಗ ಬರಲ್ಲ. ನನಗೇ ಸುಸ್ತಾಗಿರ್ಬೇಕು ಅಂದ್ಕೊಂಡಿದ್ದೆ."

ಅವನು ಹಾರೆ ಊರಿ ಎದ್ದ. ಶಾಲೆಯ ಗೇಟಿಗೆ ಟೇಪು ಮುಟ್ಟಿದಾಗ ನೂರ ಎಪ್ಪತ್ತೊಂದು ಸಲ ಆಗಿತ್ತು. ಅವಳು ಅಂಗೈ ಮೇಲೆ ಗುಣಿಸಿ, ಇನ್ನೊಮ್ಮೆ ಗುಣಿಸಿ ಹೇಳಿದಳು. ಐದು ಕಿಲೋಮೀಟರು, ನೂರ ಮೂವತ್ತು ಮೀಟರು.

ರಸ್ತೆ ಇಲಾಖೆಯ ಇಂಜಿನಿಯರು ಸಣ್ಣ ವಯಸ್ಸಿನ ಹೆಂಗಸು, ಬಂದು ವರ್ಷವಾಗಿರಲಿಲ್ಲ. ಮೇಸ್ತ್ರಿ ಕೂರದೆ ನಿಂತೇ ಹೇಳಿದ. ಆಕೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಇದನ್ನ ನೀವಾಗಿ ಬರೆದುಕೊಟ್ರೆ ನಿಮ್ಮ ಫೈಲಿನಲ್ಲಿ ಕೂತುಬಿಡುತ್ತೆ ಮೇಸ್ತ್ರಿ. ದೊಡ್ಡ ಮೇಸ್ತ್ರಿ ಕೆಲಸಕ್ಕೆ ನಿಮ್ಮ ಹೆಸರನ್ನ ನಾನು ಕಳಿಸೋಕಾಗಲ್ಲ."

"ಗೊತ್ತು ಮೇಡಂ."

"ಬೇರೆಯವರು ಯಾರಿದ್ರು ಜೊತೆಗೆ?"

"ನೆನಪಿಲ್ಲ ಮೇಡಂ. ವಯಸ್ಸಾಯ್ತು."

ಆಕೆ ಮತ್ತೆ ಪೆನ್ನು ಎತ್ತಿಕೊಂಡರು. "ಕಲ್ಲುಗಳನ್ನ ಸರಿಯಾದ ಜಾಗಕ್ಕೆ ತರೋಕೆ ಬೇರೆ ಆಳುಗಳಿಲ್ಲ ನನ್ನ ಹತ್ರ."

"ನಾನೇ ನೆಡ್ತೀನಿ. ನಮ್ಮ ಹುಡುಗಿ ಗೆರೆ ಎಳೆದಿದಾಳೆ."

ಅವನ ಮಾತನ್ನು ಆಕೆ ಬರೆದುಕೊಂಡರು. ಅವನು ಸಹಿ ಹಾಕಿದ. ಸಹಿ ಹಾಕುವುದು ಅವನಿಗೆ ಬಂಡೆ ಒಡೆದಷ್ಟೇ ನಿಧಾನದ ಕೆಲಸ.

ಒಂಬತ್ತನೆಯದರಿಂದ ಇಪ್ಪತ್ತೈದನೆಯದರವರೆಗೆ ಹದಿನೇಳು ಕಲ್ಲು. ದಿನದ ಕೆಲಸ ಮುಗಿಸಿ ಸಂಜೆ ಒಂದೆರಡು ಗಂಟೆ, ರಜೆ ಇದ್ದರೆ ಇಡೀ ದಿನ. ಹನ್ನೊಂದು ವರ್ಷದ ಹಿಂದೆ ತಪ್ಪಿಸಿಕೊಂಡ ಬಂಡೆ ಅಲ್ಲೇ ಕಾದು ಕೂತಿತ್ತು, ಒಂದು ಕೂದಲೂ ಕೊಂಕಿರಲಿಲ್ಲ. ಆಗ ಎರಡು ಏಟು ಹೊಡೆದು ಬಿಟ್ಟುಬಂದಿದ್ದ, ಈಗ ಉಳಿ ಸುತ್ತಿಗೆ ಹಿಡಿದು ಬೆರಳಷ್ಟು ಬೆರಳಷ್ಟು ಕೆತ್ತಬೇಕು. ಒಂದು ಗುಂಡಿಗೆ ನಾಲ್ಕು ದಿನ ಹಿಡಿಯಿತು. ಮಕ್ಕಳು ಶಾಲೆಯಿಂದ ಬರುತ್ತಾ ಅವನನ್ನು ದಾಟಿ ಹೋಗುತ್ತಿದ್ದರು. ಮಗಳು ಕಲ್ಲಿನ ಪಕ್ಕ ಚೀಲ ಇಳಿಸಿ, ಬಾಟಲಿಯಲ್ಲಿ ಉಳಿದ ನೀರು ಕೊಟ್ಟು, ಮಾತಾಡಲೂ ಆಗದೆ ಮುಂದೆ ನಡೆಯುತ್ತಿದ್ದಳು. ಕೆಲವು ದಿನ ಅವಳೇ ಅವನ ಕೈ ಹಿಡಿದು ಮೇಲೆಬ್ಬಿಸುತ್ತಿದ್ದಳು. ಅಪ್ಪ ಮಗಳು ಇಬ್ಬರೂ ಕಾಲೆಳೆದುಕೊಂಡು ಮನೆ ಮುಟ್ಟುತ್ತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಬಂದ್ವಪ್ಪ ಎರಡು ಜೀವ," ಅಂತ ಬಿಸಿನೀರು ಇಡುತ್ತಿದ್ದಳು. ದೊಡ್ಡ ಮೇಸ್ತ್ರಿ ಕೆಲಸ ಕೈತಪ್ಪಿದ್ದನ್ನು ಕೇಳಿದ ದಿನ ಮಾತ್ರ ಅವಳು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು. ಹೊಲಿಗೆಯ ಮಾತನ್ನು ಬಿಟ್ಟಿರಲಿಲ್ಲ. ಅಕ್ಕನಿಗೆ ಹೇಳಿಯೂ ಇಟ್ಟಿದ್ದಳು.

ಹದಿನೇಳರಲ್ಲಿ ಐದನೇ ಕಲ್ಲಿನ ಹೊತ್ತಿಗೆ ಡಾಂಬರು ಬಂದು ನಿಂತ. ಕರೆದಿರಲಿಲ್ಲ.

"ಕೊಡು ಇಲ್ಲಿ ಸುತ್ತಿಗೆ. ಹೊಡೆಯೋ ಚಂದ ನೋಡು, ಬಂಡೆಗೆ ಜೋಗುಳ ಹಾಡಿದ ಹಾಗಿದೆ."

"ನಿನ್ನ ಹೆಸರು ಎತ್ತಿಲ್ಲ ಕಣೋ."

"ಎತ್ತಿದ್ರೆ ಬರ್ತಿರ್ಲಿಲ್ಲ," ಅಂತ ಅವನು ತೋಳು ಮಡಚಿದ.

ವರ್ಷದ ಪರೀಕ್ಷೆ ಮುಗಿಯಿತು. ರಜೆ ಬಂತು. ರಜೆಯ ನಡುವೆ ಕೊನೆಯ ಕಲ್ಲು ಬಂಡೆಗೆ ಇಳಿದು ನಿಂತಿತು. ಇಂಜಿನಿಯರಮ್ಮ ಬಂದು ತಾವೇ ಅಳೆದು ಕಾಗದ ಬರೆದರು. ಆ ಕಾಗದ ಹಿಡಿದು ಮೇಸ್ತ್ರಿ ಶಿಕ್ಷಣ ಕಚೇರಿಯ ಮೆಟ್ಟಿಲನ್ನು ಆರು ಸಲ ಹತ್ತಿದ. ಆರನೇ ಸಲ ಗುಮಾಸ್ತ ಪುಸ್ತಕದಲ್ಲಿ ಹಳೆಯ ಅಂಕಿಯ ಮೇಲೆ ಗೀಟು ಹಾಕಿ, "ನಿಮ್ಮ ಕಲ್ಲು ಕೊನೆಗೂ ಬಾಯಿಬಿಡ್ತು," ಅಂದ. ಮೇಸ್ತ್ರಿಗೆ ನಗುವ ಶಕ್ತಿಯೂ ಇರಲಿಲ್ಲ.

ಶಾಲೆ ಶುರುವಾಗುವ ಹಿಂದಿನ ದಿನ ಸಂಜೆಯವರೆಗೂ ವ್ಯಾನಿನ ಸುದ್ದಿ ಇಲ್ಲ. ಹೆಂಡತಿ ಏನೂ ಕೇಳಲಿಲ್ಲ. ಮಗಳ ಚಪ್ಪಲಿಯ ಕಿತ್ತ ಪಟ್ಟಿಯನ್ನು ಹೊಲಿದು ಹೊಸ್ತಿಲ ಹತ್ತಿರ ಇಟ್ಟಳು. ಅದರ ಅರ್ಥ ಏನು ಅಂತ ಅವನೂ ಕೇಳಲಿಲ್ಲ.

ಮಾರನೇ ದಿನ ಬೆಳಗಾಗುತ್ತಲೇ ಅವನೂ ಡಾಂಬರೂ ಬಣ್ಣದ ಡಬ್ಬಿ ಹಿಡಿದು ಹೊರಟಿದ್ದರು. ಕಲ್ಲುಗಳಿಗೆ ಅಂಕಿ ಬರೆಯುವುದು ಬಾಕಿ ಇತ್ತು, ಬಿಸಿಲು ಏರಿದರೆ ಬಣ್ಣ ಕುಂಚಕ್ಕೇ ಅಂಟಿಕೊಳ್ಳುತ್ತದೆ. ಶಾಲೆಗೆ ಸ್ವಲ್ಪ ಮುಂಚೆ ಬರುವ ಐದನೇ ಕಿಲೋಮೀಟರಿನ ಕಲ್ಲಿನ ಮುಂದೆ ಮೇಸ್ತ್ರಿ ಕೂತು, ನಾಲಿಗೆ ಕಚ್ಚಿಕೊಂಡು ಐದನ್ನು ತಿದ್ದುತ್ತಿದ್ದ. ಎಂಟೂವರೆಯ ಸುಮಾರಿಗೆ ಹಿಂದಿನಿಂದ ಗಾಡಿಯ ಸದ್ದು ಬಂತು. ತಿರುಗಿದ. ಹಳದಿ ಬಣ್ಣದ ಹಳೇ ವ್ಯಾನು, ಒಂದು ಕಡೆ ವಾಲಿಕೊಂಡು ಬರುತ್ತಿತ್ತು. ಕಿಟಕಿಯಲ್ಲಿ ವಸತಿ ಸಾಲಿನ ಮಕ್ಕಳ ಮುಖ. ಶಾಲೆ ಬಿಟ್ಟಿದ್ದ ನಾಲ್ವರಲ್ಲಿ ಇಬ್ಬರು ಕೂಡ ಇದ್ದರು. ಹಿಂದಿನ ಕಿಟಕಿಗೆ ತಲೆ ಆನಿಸಿ ಅವನ ಮಗಳು ಕೂತಿದ್ದಳು.

ಡಾಂಬರು ಎರಡೂ ಕೈ ಎತ್ತಿ ಅವಳ ಹೆಸರು ಕೂಗಲು ಬಾಯಿ ತೆರೆದ.

"ಕೂಗಬೇಡ," ಅಂದ ಮೇಸ್ತ್ರಿ. "ಮಲಗಿದಾಳೆ."

ಬಾಯಿ ಅರ್ಧ ತೆರೆದು, ಗಾಜಿಗೆ ಕೆನ್ನೆ ಒತ್ತಿಕೊಂಡು ಅವಳು ನಿಜಕ್ಕೂ ಗಾಢ ನಿದ್ದೆಯಲ್ಲಿದ್ದಳು. ವ್ಯಾನು ಕಲ್ಲನ್ನೂ ಅವರನ್ನೂ ದಾಟಿ, ಧೂಳೆಬ್ಬಿಸಿ ಗೇಟಿನ ಕಡೆ ಹೋಯಿತು. ಹಸಿ ಬಣ್ಣಕ್ಕೆ ಧೂಳು ಮೆತ್ತಿಕೊಂಡಿತು. ಮೇಸ್ತ್ರಿ ಅದನ್ನು ಒರೆಸಿ ಮತ್ತೊಮ್ಮೆ ತಿದ್ದಿದ. ಆಮೇಲೆ ಡಬ್ಬಿ ಮುಚ್ಚಿ, ಭಾವಮೈದುನನ ಕಡೆ ಕೈ ಚಾಚಿದ. ಅವನು ಹಿಡಿದು ಎಬ್ಬಿಸಿದ. ಇಬ್ಬರೂ ನಡೆದು ವಾಪಸ್ಸು ಹೊರಟರು.