ಉರ್ದುವಿನಲ್ಲಿ ಕಲಿತ ರಸಾಯನ

ಶಹಾಪುರದಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಮಾಸ್ತರರು ಉರ್ದುವಿನಲ್ಲೇ ಓದಿದವರು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಪಾಠವೆಲ್ಲ ಕನ್ನಡದಲ್ಲಿ ನಡೆಯಬೇಕೆಂದು ಹುಕುಂ ಬಂತು. ಹಲಗೆಯ ಮೇಲೆ ಸಮೀಕರಣ ಬರೆದು, ಬೆರಳನ್ನು ಶೇರ್ವಾನಿಗೆ ಒರೆಸುತ್ತ, “ಎರಡೂ ಕಡಿ ಬರೋಬರಿ ಆಗಬೇಕ್ರಪಾ” ಎನ್ನುವುದೊಂದೇ ಪಾಠದಲ್ಲಿ ಅವರಿಗೆ ಸಲೀಸಾಗಿ ಬರುತ್ತಿದ್ದ ಕನ್ನಡ. ಊರಿನ ಮಾತು ಬರುತ್ತಿತ್ತು, ಶಾಸ್ತ್ರದ ಪದಗಳು ಬರುತ್ತಿರಲಿಲ್ಲ.

ಕನ್ನಡದಲ್ಲಿ ಕಲಿಸಲು ಬಾರದವರ ನೌಕರಿ ಹೋಗುತ್ತದೆಂಬ ಸುದ್ದಿಯಿತ್ತು. ತಪಾಸಣೆಯ ಸಾಹೇಬರು ಬಂದ ದಿನ, ರಾಸಾಯನಿಕ ಕ್ರಿಯೆಗಳ ಬಗೆಗಳನ್ನು ಹೇಳುತ್ತಿದ್ದ ಮಾಸ್ತರರು ಪದ ಸಿಗದೆ ನಿಂತುಬಿಟ್ಟರು. ಆಮೇಲೆ ನಮ್ಮ ತರಗತಿಯಲ್ಲಿದ್ದ, ಸುಣ್ಣ ಸುಡುವವರ ಮಗಳನ್ನು ಕೇಳಿದರು.

“ಸುಟ್ಟ ಸುಣ್ಣಕ್ಕ ನೀರು ಹಾಕಿದ್ರ ಏನಾಗ್ತದವ್ವಾ?”

“ಅರಳ್ತದ್ರಿ.”

“ಹಾಂ, ಎರಡು ಕೂಡಿ ಒಂದಾಯ್ತು. ಇದು ಕೂಡೋ ಕ್ರಿಯಾ.”

“ಪುಸ್ತಕದಾಗ ಸಂಯೋಗ ಅಂತ ಅದರಿ,” ಎಂದರು ಸಾಹೇಬರು.

“ಹೌದ್ರಿ. ಆ ಮಾತು ನಾನೂ ಈ ಮಕ್ಕಳ ಜೋಡಿ ಕಲಿಯಾಕತ್ತೀನಿ.”

ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಮುಗಿಯುವವರೆಗೂ ಕೇಳಿದರು. ಮರುವರ್ಷವೂ ನಮಗೆ ರಸಾಯನ ಕಲಿಸಿದವರು ಅದೇ ಮಾಸ್ತರರು.